ತಾರಸಿಯ ಮೇಲಿನ ರಬ್ಬರ್ ಹಾಳೆ ಮತ್ತು ಅದರ ಅಂಚುಗಳು

(ಮುಂಬಯಿಯ ಮಾಟುಂಗಾದಲ್ಲಿ, ವಸತಿ ಸೊಸೈಟಿಗಳ ಕನ್ನಡಿಗ ಪದಾಧಿಕಾರಿಗಳ ಎದುರು ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ನನ್ನ ಬಾಲ್ಯ ಕಳೆದದ್ದು ಗದಗ ಸೀಮೆಯ ಒಂದು ಮಾಳಿಗೆ ಮನೆಯಲ್ಲಿ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಹಾಸಿದ ಕಟ್ಟಿಗೆ ಮತ್ತು ಸೊಪ್ಪು, ಅದರ ಮೇಲೆ ಗೇಣುದ್ದ ಮಣ್ಣು. ಆ ಮನೆಯ ಛಾವಣಿ ಎಂದರೆ ಇಷ್ಟೇ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅಪ್ಪ ಹಳ್ಳದ ದಂಡೆಯಿಂದ ಸವುಳು ಮಣ್ಣನ್ನು ಹೇರಿಸಿಕೊಂಡು ಬಂದು ಮಾಳಿಗೆಯ ಮೇಲೆ ಹರವಿಸುತ್ತಿದ್ದರು. ಆ ಮಣ್ಣಿನಲ್ಲಿರುವ ಸೋಡಿಯಂನಿಂದಾಗಿ ಜೇಡಿಯ ಕಣಗಳು ನೀರು ತಾಗಿದೊಡನೆ ಒಂದರಿಂದೊಂದು ಬಿಡಿಸಿಕೊಂಡು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ ಎಂಬುದು ನನಗೆ ತಿಳಿದದ್ದು ಎಂಜಿನಿಯರಿಂಗ್ ಓದಿದ ಮೇಲೆ. ಅಪ್ಪನಿಗೆ ಅದು ಓದದೆಯೇ ಗೊತ್ತಿತ್ತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ ಸೀಮೆಗೆ ಅಷ್ಟು ಸಾಕಾಗಿತ್ತು.

ಇಲ್ಲಿ ಕುಳಿತವರಲ್ಲಿ ಬಹುಮಂದಿಯ ಊರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯದು ಎಂದು ನಾನು ಬಲ್ಲೆ. ನಿಮ್ಮ ಮನೆಗಳ ಮಾಡು ಬೇರೆಯೇ ಬಗೆಯದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಕರಾವಳಿಯುದ್ದಕ್ಕೂ ಹರಡಿ ಗೋವಾ, ಮುಂಬಯಿಗಳವರೆಗೂ ಬಂತು. ಹೆಂಚಿನ ಮಾಡಿನ ಗುಟ್ಟು ಹೆಂಚಿನಲ್ಲಿ ಇಲ್ಲ, ಇಳಿಜಾರಿನಲ್ಲಿದೆ. ಒಂದೊಂದು ಹೆಂಚಿನ ನಡುವೆಯೂ ಗಾಳಿಯಾಡುವಷ್ಟು ಸಂದಿರುತ್ತದೆ. ಆದರೂ ಒಳಗೆ ನೀರು ಬರುವುದಿಲ್ಲ, ಏಕೆಂದರೆ ನೀರಿಗೆ ಅಲ್ಲಿ ನಿಲ್ಲಲು ಪುರುಸೊತ್ತೇ ಇರುವುದಿಲ್ಲ.

ಈಗ ಮುಂಬಯಿಯ ತಾರಸಿಯನ್ನು ನೋಡಿ. ಕರಾವಳಿಯ ಮಳೆಯನ್ನು ತಂದು ಬಯಲುಸೀಮೆಯ ಮಾಳಿಗೆಯ ಮೇಲೆ ಸುರಿದ ಹಾಗೆ ಇದರ ಸ್ಥಿತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಇಲ್ಲಿ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ದಾಖಲಾದದ್ದು 24 ಗಂಟೆಗಳಲ್ಲಿ 944 ಮಿಲಿಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನಿಮ್ಮ ಸೊಸೈಟಿಯ ತಾರಸಿ 300 ಚದರ ಮೀಟರ್ ಇದ್ದರೆ ಆ ಒಂದು ದಿನ ಅದರ ಮೇಲೆ 2,83,200 ಲೀಟರ್ ಬಿದ್ದಿತ್ತು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 28 ಟ್ಯಾಂಕರ್. ಅಷ್ಟೂ ನೀರು ಹೊರಹೋಗಬೇಕಾದದ್ದು ಮೂಲೆಯ ನಾಲ್ಕು ಕೊಳವೆಗಳ ಬಾಯಿಯಿಂದ.

ಈ ನೀರನ್ನು ತಡೆಯಲು ಮುಂಬಯಿ ಕಂಡುಕೊಂಡ ಹಳೆಯ ಉಪಾಯ ನಿಮಗೆಲ್ಲ ಪರಿಚಿತವೇ: ಬ್ರಿಕ್‌ಬ್ಯಾಟ್ ಕೋಬಾ. ಇಟ್ಟಿಗೆಯ ಚೂರುಗಳನ್ನು ಗಾರೆಯಲ್ಲಿ ಕೂರಿಸಿ, ಇಳಿಜಾರು ಕೊಟ್ಟು, ಮೇಲೆ ಚೈನಾ ಮೊಸಾಯಿಕ್ ತುಂಡುಗಳನ್ನು ಹಾಸುವುದು. ಒಳ್ಳೆಯ ಮೇಸ್ತ್ರಿ ಮಾಡಿದ ಕೋಬಾ ಹಲವು ವರ್ಷ ಬಾಳುತ್ತದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಅದು ಒಮ್ಮೆ ಬಿರುಕುಬಿಟ್ಟಿತೋ, ಕೆಳಗಿನ ಇಟ್ಟಿಗೆ ನೀರು ಕುಡಿಯಲು ತೊಡಗುತ್ತದೆ. ಸಾಧಾರಣ ಇಟ್ಟಿಗೆ ತನ್ನ ತೂಕದ ಐದನೆಯ ಒಂದು ಪಾಲಿನಷ್ಟು ನೀರನ್ನು ಹಿಡಿದಿಡಬಲ್ಲದು. ಮಳೆ ನಿಂತು ಎರಡು ವಾರವಾದರೂ ಮೇಲಿನ ಮಹಡಿಯ ಚಾವಣಿ ತೊಟ್ಟಿಕ್ಕುತ್ತಿದ್ದರೆ, ನಿಮ್ಮ ಕೋಬಾ ಈಗ ಹೊದಿಕೆಯಾಗಿ ಉಳಿದಿಲ್ಲ, ನೀರಿನ ತೊಟ್ಟಿಯಾಗಿದೆ ಎಂದು ತಿಳಿಯಬೇಕು. ಆಗ ಸೊಸೈಟಿಗಳು ಮಾಡುವ ಕೆಲಸ ಇನ್ನೂ ಕೆಟ್ಟದ್ದು: ಹಳೆಯ ಕೋಬಾ ಒಡೆಯುವ ಗದ್ದಲ ಬೇಡವೆಂದು ಅದರ ಮೇಲೆಯೇ ಇನ್ನೊಂದು ಕೋಬಾ ಹಾಕಿಸುತ್ತಾರೆ. ನೂರು ಮಿಲಿಮೀಟರ್ ದಪ್ಪದ ಕೋಬಾ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ. ಜನರು ಓಡಾಡುವ ತಾರಸಿಗೆ ನಮ್ಮ ಭಾರತೀಯ ಮಾನದಂಡ ಹಿಡಿಯುವ ಚರಭಾರವೇ ಚದರ ಮೀಟರಿಗೆ ಸುಮಾರು 150 ಕಿಲೋ. ಐವತ್ತು ವರ್ಷದ ಸ್ಲ್ಯಾಬಿನ ಮೇಲೆ, ಒಳಗಿನ ಕಬ್ಬಿಣ ತುಕ್ಕು ಹಿಡಿದಿರುವಾಗ, ಯಾವ ಲೆಕ್ಕವನ್ನೂ ಹಾಕದೆ ಎರಡನೆಯ ಕೋಬಾ ಹೇರುವುದು ಮೇಲಿನ ಮಹಡಿಯವರ ತಲೆಯ ಮೇಲೆಯೇ ಹೇರಿದ ಹಾಗೆ.

ನಾನು ಈ ಹೊತ್ತು ಮಾತಾಡಲು ಬಂದಿರುವ ರಬ್ಬರ್ ಹಾಳೆ ಒಂದೂವರೆ ಮಿಲಿಮೀಟರ್ ದಪ್ಪದ್ದಾದರೆ ಚದರ ಮೀಟರಿಗೆ ಎರಡು ಕಿಲೋದೊಳಗೇ ತೂಗುತ್ತದೆ. ಹಳೆಯ ಕಟ್ಟಡಗಳ ಮಟ್ಟಿಗೆ ಅದರ ಮೊದಲ ಆಕರ್ಷಣೆ ಈ ಹಗುರವೇ.

ರಬ್ಬರ್ ಎಂದೊಡನೆ ನಿಮ್ಮ ಕಣ್ಣಿಗೆ ಬರುವುದು ಸುಳ್ಯದ ಕಡೆಯ ತೋಟಗಳು, ಮರದ ಕಾಂಡಕ್ಕೆ ಕಟ್ಟಿದ ಗೆರಟೆ, ಅದರೊಳಗೆ ಇಳಿಯುವ ಬಿಳಿ ಹಾಲು. ತಾರಸಿಗೆ ಆ ರಬ್ಬರ್ ನಡೆಯುವುದಿಲ್ಲ. ಏಕೆ ಎಂದು ತಿಳಿಯಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಕಿಟಕಿಯ ಸರಳಿಗೆ ಒಂದು ರಬ್ಬರ್ ಬ್ಯಾಂಡನ್ನು ಬಿಗಿಯಾಗಿ ಸುತ್ತಿ ಕೆಲವು ತಿಂಗಳು ಬಿಟ್ಟು ನೋಡಿ. ಅದರ ಮೈಮೇಲೆ ಎಳೆತಕ್ಕೆ ಅಡ್ಡಲಾಗಿ ಸಣ್ಣ ಸಣ್ಣ ಸೀಳುಗಳು ಮೂಡಿರುತ್ತವೆ, ಮುಟ್ಟಿದರೆ ತುಂಡಾಗುತ್ತದೆ. ಇದು ಗಾಳಿಯಲ್ಲಿರುವ ಅಲ್ಪಸ್ವಲ್ಪ ಓಜೋನಿನ ಕೆಲಸ. ನೈಸರ್ಗಿಕ ರಬ್ಬರಿನ ಅಣುವೆಂದರೆ ಒಂದು ನೀಳವಾದ ಸರಪಳಿ. ಆ ಸರಪಳಿಯ ಉದ್ದಕ್ಕೂ ಅಲ್ಲಲ್ಲಿ ಇಂಗಾಲದ ಪರಮಾಣುಗಳ ನಡುವೆ ಜೋಡಿ ಬಂಧಗಳಿವೆ. ಓಜೋನ್ ಬಾಯಿ ಹಾಕುವುದು ಆ ಜೋಡಿ ಬಂಧಕ್ಕೆ. ಅಲ್ಲಿ ಕಚ್ಚಿದರೆ ಸರಪಳಿಯೇ ಎರಡು ತುಂಡು.

ತಾರಸಿಗೆ ಬಳಸುವ ಕೃತಕ ರಬ್ಬರಿನ ಹೆಸರು ಇಪಿಡಿಎಂ. ಎಥಿಲೀನ್, ಪ್ರೊಪಿಲೀನ್ ಎಂಬ ಎರಡು ಅನಿಲಗಳನ್ನು ಪೋಣಿಸಿ ಮಾಡಿದ ಸರಪಳಿ ಅದು. ಡೈಯೀನ್ ಎಂಬ ಮೂರನೆಯ ವಸ್ತುವನ್ನು ಸ್ವಲ್ಪವೇ ಬೆರೆಸಿರುತ್ತಾರೆ. ಕೊನೆಯ ಎಂ ಅಕ್ಷರವನ್ನು ಮಾನೋಮರ್ ಎಂದೇ ಎಲ್ಲರೂ ಓದುತ್ತಾರೆ. ರಬ್ಬರುಗಳ ವರ್ಗೀಕರಣದಲ್ಲಿ ಆ ಎಂ ಹೇಳುವುದು ಬೇರೆ ಸಂಗತಿ, ಮತ್ತು ನಮಗೆ ಬೇಕಾದದ್ದೂ ಅದೇ: ಈ ರಬ್ಬರಿನ ಬೆನ್ನೆಲುಬಿನಲ್ಲಿ ಜೋಡಿ ಬಂಧಗಳಿಲ್ಲ. ಗಂಧಕದೊಡನೆ ಬೇಯಿಸಲು ಅಗತ್ಯವಾದ ಜೋಡಿ ಬಂಧಗಳು ಡೈಯೀನಿನ ರೂಪದಲ್ಲಿ ಪಕ್ಕದ ಕೊಂಬೆಗಳಲ್ಲಿ ಜೋತುಬಿದ್ದಿರುತ್ತವೆ. ಓಜೋನ್ ಕೊಂಬೆಯನ್ನು ಕಚ್ಚಿದರೂ ಕಾಂಡ ಉಳಿಯುತ್ತದೆ. ಇಂಥ ಸರಪಳಿಗಳನ್ನು ಬೇಕಾದ ಕ್ರಮದಲ್ಲಿ ಹೆಣೆಯುವ ವೇಗವರ್ಧಕಗಳಿಗಾಗಿ ಜರ್ಮನಿಯ ಕಾರ್ಲ್ ಝೀಗ್ಲರ್ ಮತ್ತು ಇಟಲಿಯ ಜೂಲಿಯೋ ನಟ್ಟಾ ಅವರಿಗೆ 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಪಿಡಿಎಂ ಮಾರುಕಟ್ಟೆಗೆ ಬಂದದ್ದೂ ಆ ದಶಕದಲ್ಲಿಯೇ. ನಿಮ್ಮ ಕಾರಿನ ಬಾಗಿಲಿನ ಸುತ್ತ ಇರುವ ಕಪ್ಪು ರಬ್ಬರ್ ಪಟ್ಟಿ ಸಾಮಾನ್ಯವಾಗಿ ಇದೇ. ಹತ್ತು ಹದಿನೈದು ವರ್ಷ ಬಿಸಿಲಿನಲ್ಲಿ ನಿಂತ ಕಾರಿನಲ್ಲಿಯೂ ಅದು ಬಿರಿಯದೆ ಉಳಿದಿರುವುದನ್ನು ನೀವು ಕಂಡಿರುತ್ತೀರಿ.

ಕಪ್ಪು ಬಣ್ಣಕ್ಕೂ ಕಾರಣವಿದೆ. ಅದರಲ್ಲಿ ಬೆರೆಸಿದ ಇಂಗಾಲದ ಕಾಡಿಗೆ ಸೂರ್ಯನ ಅತಿನೇರಳೆ ಕಿರಣಗಳನ್ನು ತಾನೇ ನುಂಗಿಕೊಂಡು ಒಳಗಿನ ಸರಪಳಿಗಳನ್ನು ಕಾಯುತ್ತದೆ. ಅದೇ ಕಾಡಿಗೆ ಶಾಖವನ್ನೂ ನುಂಗುತ್ತದೆ ಎಂಬುದು ನಾಣ್ಯದ ಇನ್ನೊಂದು ಮುಖ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಕಪ್ಪು ಹಾಳೆಯ ಮೈ 70 ಡಿಗ್ರಿ ಮುಟ್ಟುತ್ತದೆ. ಹಾಳೆಗೆ ಅದರಿಂದ ತೊಂದರೆಯಿಲ್ಲ, ಕೆಳಗೆ ಮಲಗುವವರಿಗೆ ಇದೆ. ಆದ್ದರಿಂದ ಕೆಳಗೆ ಉಷ್ಣನಿರೋಧಕ ಹಲಗೆ ಹಾಕುವುದು, ಇಲ್ಲವೇ ಮೇಲೆ ಬಿಳಿ ಲೇಪ ಕೊಡುವುದು ಮುಂಬಯಿಯಲ್ಲಿ ಐಚ್ಛಿಕವಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಬೇಯಿಸುವ ಮಾತಿಗೆ ಬರುತ್ತೇನೆ, ಏಕೆಂದರೆ ಮುಂದಿನ ಎಲ್ಲ ಕಷ್ಟಗಳ ಬೇರು ಅಲ್ಲಿದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕನ್, ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಅದು ಬಿಸಿಲಿಗೆ ಅಂಟಂಟಾಗದೆ ಗಟ್ಟಿಯಾಗಿ ಉಳಿಯುವುದನ್ನು ಕಂಡುಕೊಂಡ. ಗಂಧಕವು ಸರಪಳಿಯಿಂದ ಸರಪಳಿಗೆ ಸೇತುವೆ ಕಟ್ಟುತ್ತದೆ. ಹೀಗೆ ಬೆಂದ ರಬ್ಬರ್ ಇಡ್ಲಿಯ ಹಾಗೆ. ಮತ್ತೆ ಎಷ್ಟು ಕಾಯಿಸಿದರೂ ಅದು ಹಿಟ್ಟಾಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಇನ್ನೆರಡು ಬಗೆಯ ಹಾಳೆಗಳು, ಪಿವಿಸಿ ಮತ್ತು ಟಿಪಿಒ, ಬೆಲ್ಲದ ಜಾತಿಯವು. ಕಾಯಿಸಿದರೆ ಕರಗುತ್ತವೆ, ಆರಿದರೆ ಗಟ್ಟಿಯಾಗುತ್ತವೆ. ಅವುಗಳ ಅಂಚನ್ನು ಬಿಸಿಗಾಳಿಯಿಂದ ಕರಗಿಸಿ ಒಂದರೊಳಗೊಂದನ್ನು ಬೆಸೆಯಬಹುದು. ಎರಡು ಇಡ್ಲಿಗಳನ್ನು ಕಾಯಿಸಿ ಒಂದು ಮಾಡಲಾಗುವುದಿಲ್ಲ. ಇಪಿಡಿಎಂ ಹಾಳೆಯನ್ನು ಅಂಟಿಸಿಯೇ ಕೂಡಿಸಬೇಕು.

ಅಂಟಿನ ಇತಿಹಾಸ ಅಷ್ಟೇನೂ ಹೆಮ್ಮೆಯದಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಡಾಂಬರಿನ ಬೆಲೆ ಏರಿದಾಗ ಅಮೆರಿಕದಲ್ಲಿ ಡಾಂಬರು ಛಾವಣಿಯ ಬದಲು ರಬ್ಬರ್ ಹಾಳೆಗೆ ಬೇಡಿಕೆ ಕುದುರಿತು. ಆಗಿನ ಜೋಡಣೆಗಳಿಗೆ ಬಳಸಿದ್ದು ನಿಯೋಪ್ರೀನ್ ಆಧಾರಿತ ಅಂಟು. ಹಾಳೆ ಚೆನ್ನಾಗಿಯೇ ಉಳಿಯಿತು, ಆದರೆ ಸದಾ ಒದ್ದೆಯಿರುವ ಕಡೆ ಜೋಡಣೆಗಳು ಬಿಟ್ಟುಕೊಂಡವು. ಆಮೇಲೆ ಬ್ಯುಟೈಲ್ ಅಂಟು ಬಂತು, ಅನಂತರ ಕಾರ್ಖಾನೆಯಲ್ಲೇ ಸಮ ದಪ್ಪದಲ್ಲಿ ತಯಾರಾದ ಅಂಟುಪಟ್ಟಿ ಬಂತು. ಬ್ಯುಟೈಲ್ ಎಂದರೆ ಟಯರಿನ ಒಳಗಿನ ಟ್ಯೂಬಿನ ರಬ್ಬರ್. ಗಾಳಿಯನ್ನೇ ಹಿಡಿದಿಡುವುದು ನೀರನ್ನು ಬಿಟ್ಟೀತೇ?

ನಿಮ್ಮಲ್ಲಿ ಕಾರ್ಯದರ್ಶಿಗಳಾದವರು ಗುತ್ತಿಗೆದಾರನೊಡನೆ ಚೌಕಾಶಿ ಮಾಡುವುದು ಹಾಳೆಯ ದಪ್ಪದ ಬಗ್ಗೆ: ಒಂದು ಮಿಲಿಮೀಟರೋ, ಒಂದೂವರೆಯೋ, ಎರಡೋ ಎಂದು. ದಪ್ಪವಾದಷ್ಟೂ ಚುಚ್ಚುವಿಕೆಯನ್ನು ತಾಳುತ್ತದೆ, ನಿಜ. ಆದರೆ ನನ್ನ ಮೂವತ್ತು ವರ್ಷಗಳ ಅನುಭವದಲ್ಲಿ ಬಯಲಿನ ನಡುವೆ ತಾನಾಗಿ ಹರಿದು ಸೋರಿದ ಹಾಳೆಯನ್ನು ನಾನು ನೋಡಿದ್ದು ತೀರ ಕಡಿಮೆ. ಸೋರುವುದೆಲ್ಲ ಹಾಳೆ ಮುಗಿಯುವ ಕಡೆ: ಜೋಡಣೆಯಲ್ಲಿ, ಮೂಲೆಯಲ್ಲಿ, ಕೊಳವೆಯ ಬಾಯಲ್ಲಿ, ಗೋಡೆಯ ಬುಡದಲ್ಲಿ. ಹಾಳೆಯನ್ನು ಮಾಡುವುದು ಕಾರ್ಖಾನೆ. ಅಂಚನ್ನು ಮಾಡುವುದು ನಿಮ್ಮ ತಾರಸಿಯ ಮೇಲೆ ಬಿಸಿಲಲ್ಲಿ ಮಂಡಿಯೂರಿ ಕುಳಿತ ಮನುಷ್ಯ. ನೀವು ಕಾಸು ಕೊಟ್ಟು ಕೊಳ್ಳಬೇಕಾದದ್ದು ಅವನ ಸಮಯವನ್ನು.

ಆ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ಹತ್ತಿರದಿಂದ ನೋಡೋಣ. ಸುರುಳಿಯಲ್ಲಿ ಹಾಳೆ ಹಾಳೆಗೆ ಅಂಟದಿರಲೆಂದು ಕಾರ್ಖಾನೆಯಲ್ಲಿ ಅದರ ಮೇಲೆ ಟಾಲ್ಕ್ ಅಥವಾ ಅಭ್ರಕದ ಪುಡಿ ಹಚ್ಚಿರುತ್ತಾರೆ. ಬೆರಳು ಒರೆಸಿದರೆ ಬೂದಿಯ ಹಾಗೆ ಬರುತ್ತದೆ. ಆ ಪುಡಿ ಉಳಿದರೆ ಅಂಟು ಹಿಡಿಯುವುದು ಪುಡಿಯನ್ನೇ ಹೊರತು ರಬ್ಬರನ್ನಲ್ಲ. ಆದ್ದರಿಂದ ಪ್ರೈಮರಿನಲ್ಲಿ, ಎಂದರೆ ಅಂಟುಪಟ್ಟಿಗೆ ಮೊದಲು ಹಚ್ಚುವ ದ್ರವದಲ್ಲಿ, ಅದ್ದಿದ ಒರಟು ಸ್ಪಂಜಿನಿಂದ ಎರಡೂ ಅಂಚುಗಳನ್ನು ತಿಕ್ಕಬೇಕು, ಗೆರೆಗಳಿಲ್ಲದೆ ಒಂದೇ ಸಮನಾದ ಕಪ್ಪು ಬರುವವರೆಗೆ. ಆಮೇಲೆ ಕಾಯಬೇಕು. ಬೆರಳಿನಿಂದ ಒತ್ತಿ ಎತ್ತಿದಾಗ ಪ್ರೈಮರ್ ಜೇನಿನ ಹಾಗೆ ಎಳೆ ಬರಬಾರದು, ಬೆರಳಿಗೂ ಹತ್ತಬಾರದು. ಆಗ 75 ಮಿಲಿಮೀಟರ್ ಅಗಲದ ಪಟ್ಟಿಯನ್ನು ಕೂರಿಸಿ, ಮೇಲಿನ ಹಾಳೆಯನ್ನು ಸುಕ್ಕಿಲ್ಲದಂತೆ ಬಿಟ್ಟು, ಎರಡಿಂಚಿನ ಕೈರೋಲರಿನಿಂದ ಮೊದಲು ಜೋಡಣೆಗೆ ಅಡ್ಡಲಾಗಿ, ಅನಂತರ ಉದ್ದಕ್ಕೆ ಒತ್ತಬೇಕು. ಅಡ್ಡಲಾಗಿ ಏಕೆಂದರೆ ಸಿಕ್ಕಿಬಿದ್ದ ಗಾಳಿಗೆ ಹೊರಹೋಗಲು ಹತ್ತಿರದ ದಾರಿ ಅದೇ. ಮೂರು ಹಾಳೆಗಳು ಕೂಡುವ ಕಡೆ ಮೆಟ್ಟಿಲಿನಂತೆ ಒಂದು ಸಣ್ಣ ಸುರಂಗ ಉಳಿಯುತ್ತದೆ, ಸೂಜಿ ತೂರುವಷ್ಟು. ಅದರ ಮೇಲೆ ಪ್ರತ್ಯೇಕ ತೇಪೆ ಹಾಕಲೇಬೇಕು. ಬಿಲ್ಲಿನಲ್ಲಿ ಈ ತೇಪೆಗೆ ಸಾಲೂ ಇರುವುದಿಲ್ಲ, ಆದ್ದರಿಂದ ತಾರಸಿಯ ಮೇಲೂ ಅದು ಇರುವುದಿಲ್ಲ.

ಮುಂಬಯಿಗೆ ವಿಶೇಷವಾದ ಒಂದು ತೊಡಕಿದೆ. ಪ್ರೈಮರಿನ ದ್ರಾವಕ ಆರುವಾಗ ತಾನು ಕೂತ ಮೇಲ್ಮೈಯನ್ನು ತಂಪು ಮಾಡುತ್ತದೆ. ಮೇ ತಿಂಗಳ ಕೊನೆಯ ತೇವದ ಗಾಳಿಯಲ್ಲಿ, ಬೆಳಗಿನ ಏಳಕ್ಕೆ ಕೆಲಸ ಹಿಡಿದರೆ, ಆ ತಂಪಿನ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಕೂಡುತ್ತದೆ. ಆಗ ಪಟ್ಟಿ ಅಂಟಿದ ಹಾಗೆ ತೋರುತ್ತದೆ, ಜುಲೈನಲ್ಲಿ ಎದ್ದುಬರುತ್ತದೆ. ಮಳೆ ಬರುವ ಮುಂಚೆ ಮುಗಿಸಬೇಕೆಂದು ಮೇ ಕೊನೆಯ ವಾರದಲ್ಲಿ ಓಡಾಡುವ ಸೊಸೈಟಿಗಳಿಗೆ ನಾನು ಹೇಳುವುದು ಇಷ್ಟೇ: ನೀವು ಫೆಬ್ರವರಿಯಲ್ಲಿ ಸಭೆ ಕರೆಯಬೇಕಿತ್ತು. ಸ್ಲ್ಯಾಬ್ ಒಣಗಿದೆಯೇ ಎಂದು ನೋಡಲು ಹದಿನೆಂಟು ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿಯಿಡೀ, ಹದಿನಾರು ಗಂಟೆಯಾದರೂ, ಬಿಡಿ. ತೆಗೆದಾಗ ಒಳಮೈಯಲ್ಲಿ ಹನಿಗಳಿದ್ದರೆ ಆ ಸ್ಲ್ಯಾಬಿನ ಮೇಲೆ ಏನನ್ನೂ ಅಂಟಿಸಬೇಡಿ. ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಹಾಳೆಯನ್ನು ಪೂರಿಯ ಹಾಗೆ ಉಬ್ಬಿಸುತ್ತದೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ, ಠಾಣೆಯ ಒಂದು ಕಟ್ಟಡದಲ್ಲಿ, ಸುರುಳಿ ಬಿಚ್ಚಿದ ಕೂಡಲೇ ಹಾಳೆಯನ್ನು ಅಂಟಿಸಲು ಹೇಳಿದೆ. ಬಿಗಿಯಾಗಿ ಸುತ್ತಿಟ್ಟ ಹಾಳೆ ಹಿಗ್ಗಿರುತ್ತದೆ. ಬಿಚ್ಚಿ ಕನಿಷ್ಠ ಅರ್ಧ ಗಂಟೆ ಸುಮ್ಮನೆ ಹಾಸಿಟ್ಟರೆ ತನ್ನ ಸಹಜ ಅಳತೆಗೆ ಮರಳುತ್ತದೆ. ನನಗೆ ಆ ಅರ್ಧ ಗಂಟೆಯ ತಾಳ್ಮೆ ಇರಲಿಲ್ಲ. ಸಾಲದ್ದಕ್ಕೆ ಅದು ನಡುಮಧ್ಯಾಹ್ನ. ವರ್ಷ ಕಳೆಯುವುದರೊಳಗೆ ಹಾಳೆ ಕುಗ್ಗಿ, ನೆಲ ಮತ್ತು ಪ್ಯಾರಾಪೆಟ್ ಗೋಡೆ ಕೂಡುವ ಮೂಲೆಯುದ್ದಕ್ಕೂ ಗೋಡೆಯಿಂದ ಬಿಟ್ಟುಕೊಂಡು ಡೇರೆಯಂತೆ ಎಳೆದು ನಿಂತಿತು. ಕೆಳಗೆ ಟೊಳ್ಳು. ನೀರಿನ ಟ್ಯಾಂಕ್ ತೊಳೆಯಲು ಬಂದವನೊಬ್ಬ ಅದರ ಮೇಲೆ ಕಾಲಿಟ್ಟ, ಹಾಳೆ ಸೀಳಿತು. ಅಂದಿನಿಂದ ಬುಡದಲ್ಲಿ ಹಾಳೆಯನ್ನು ಮೊಳೆಪಟ್ಟಿಯಿಂದ ಬಂಧಿಸದೆ ನಾನು ಗೋಡೆ ಹತ್ತಿಸಿಲ್ಲ. ಗಾರೆಯ ವಾಟಾ ಹಾಕಿ ಮೂಲೆಯನ್ನು ದುಂಡಗೆ ಮಾಡುವುದು ನಮ್ಮ ಮೇಸ್ತ್ರಿಗಳ ಹಳೆಯ ಜಾಣ್ಮೆ, ಒಳ್ಳೆಯದೇ. ಆದರೆ ಕುಗ್ಗುವ ಹಾಳೆಯನ್ನು ವಾಟಾ ಒಂದೇ ಹಿಡಿದು ನಿಲ್ಲಿಸಲಾರದು.

ರಬ್ಬರ್ ಹಿಗ್ಗುತ್ತದೆ, ಆದ್ದರಿಂದ ಬಿರುಕಿನ ಚಿಂತೆಯಿಲ್ಲ ಎಂದು ಮಾರಾಟಗಾರರು ಹೇಳುತ್ತಾರೆ. ಈ ಮಾತು ಅರ್ಧ ಸತ್ಯ. ಕಾಂಕ್ರೀಟು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹತ್ತು ಭಾಗ ಹಿಗ್ಗುತ್ತದೆ. 20 ಮೀಟರ್ ಉದ್ದದ ಸ್ಲ್ಯಾಬ್ 30 ಡಿಗ್ರಿ ಏರಿಳಿದರೆ ಸುಮಾರು 6 ಮಿಲಿಮೀಟರ್ ಚಲಿಸುತ್ತದೆ. ಆ ಚಲನೆ ಹೊರಬೀಳುವುದು ಬಿರುಕುಗಳಲ್ಲಿ. ಒಳಗೆ ಬಲಕ್ಕಾಗಿ ನೂಲಿನ ಬಲೆ ಸೇರಿಸಿರದ ಇಪಿಡಿಎಂ ಹಾಳೆಯ ತುಂಡೊಂದು ಹರಿಯುವ ಮುನ್ನ ಕನಿಷ್ಠ ತನ್ನ ನಾಲ್ಕು ಪಟ್ಟು ಉದ್ದಕ್ಕೆ ಹಿಗ್ಗಬೇಕು ಎಂಬುದು ಅಮೆರಿಕದ ಮಾನದಂಡ. ಸರಿ, ಈಗ ಲೆಕ್ಕ ಮಾಡಿ. ಹಾಳೆಯನ್ನು ಬಿರುಕಿನ ಎರಡೂ ದಡಕ್ಕೆ ಗಟ್ಟಿಯಾಗಿ ಅಂಟಿಸಿದ್ದೀರಿ, ಬಿರುಕು 0.2 ಮಿಲಿಮೀಟರ್ ಇದ್ದದ್ದು 1.2ಕ್ಕೆ ತೆರೆಯಿತು. ಅಂಟು ಒಂದಿಷ್ಟೂ ಬಿಡದಿದ್ದರೆ ಹಿಗ್ಗಲು ಸಿಗುವುದು ಬಿರುಕಿನ ಮೇಲಿರುವ 0.2 ಮಿಲಿಮೀಟರ್ ತುಂಡು ಮಾತ್ರ. ಅದು ಆರು ಪಟ್ಟಾಗಬೇಕು. ನಾಲ್ಕು ಪಟ್ಟಿಗೆ ಹರಿಯಬಹುದಾದದ್ದು ಆರು ಪಟ್ಟಾಗುವುದು ಹೇಗೆ? ಅದೇ ಬಿರುಕಿನ ಮೇಲೆ ನೂರು ಮಿಲಿಮೀಟರ್ ಅಗಲದ ಪಟ್ಟಿಯಷ್ಟು ಜಾಗವನ್ನು ಅಂಟಿಸದೆ ಬಿಟ್ಟಿದ್ದರೆ, ಒಂದು ಮಿಲಿಮೀಟರನ್ನು ನೂರು ಮಿಲಿಮೀಟರ್ ಹಂಚಿಕೊಳ್ಳುತ್ತಿತ್ತು; ಹಾಳೆಗೆ ಅದು ತಿಳಿಯುತ್ತಲೂ ಇರಲಿಲ್ಲ. ಎಲ್ಲ ಕಡೆ ಅಂಟು ಸುರಿಯುವುದೇ ಗಟ್ಟಿ ಕೆಲಸ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕೆಲವು ಕಡೆ ಅಂಟಿಸದಿರುವುದೇ ಗಟ್ಟಿ ಕೆಲಸ.

ಇಳಿಜಾರಿನ ವಿಷಯ ಬೇಗ ಮುಗಿಸುತ್ತೇನೆ. ನೂರಕ್ಕೆ ಒಂದು ನಮ್ಮ ರೂಢಿ. ನೂರಕ್ಕೆ ಎರಡು ಇದ್ದರೆ ಉತ್ತಮ. ರಬ್ಬರ್ ನಿಂತ ನೀರಿನಲ್ಲಿ ಕೊಳೆಯುವುದಿಲ್ಲ, ನಿಜ. ಆದರೆ ಇಳಿಜಾರಿನಲ್ಲಿರುವ ತೂತು ಮಳೆ ಬೀಳುವಾಗ ಮಾತ್ರ ಸೋರುತ್ತದೆ, ಹೊಂಡದಲ್ಲಿರುವ ತೂತು ಹಗಲೂ ರಾತ್ರಿ ಸೋರುತ್ತದೆ. ಡೆಂಗಿಯ ಸೊಳ್ಳೆಗೂ ಆ ಹೊಂಡವೇ ಬೇಕು. ಗ್ಯಾರಂಟಿ ಪತ್ರ ಕೈಗೆ ಬಂದಾಗ ಎಷ್ಟು ವರ್ಷ ಎಂದು ನೋಡುವ ಮುಂಚೆ, ನಿಂತ ನೀರಿನ ಬಗ್ಗೆ ಅದು ಏನು ಹೇಳುತ್ತದೆ ಎಂದು ಓದಿ.

ಇನ್ನು ಹೋಟೆಲ್ ಉದ್ಯಮದ ಮಿತ್ರರು ಹಿಂದಿನ ಸಾಲಿನಲ್ಲಿ ಇದ್ದಾರೆ, ಅವರಿಗಾಗಿ ಒಂದು ಮಾತು. ಇಪಿಡಿಎಂನ ವೈರಿ ನೀರಲ್ಲ, ಎಣ್ಣೆ. ಅದೂ ಹೈಡ್ರೋಕಾರ್ಬನ್ ಸರಪಳಿಯೇ ಆದ್ದರಿಂದ ಎಣ್ಣೆ, ಡೀಸೆಲ್, ಕರಿದ ಜಿಡ್ಡು ಅದರೊಳಗೆ ಸಲೀಸಾಗಿ ಇಳಿದು ಅದನ್ನು ಉಬ್ಬಿಸುತ್ತವೆ. ಉಪನಗರದ ಒಂದು ಉಡುಪಿ ಹೋಟೆಲಿನ ತಾರಸಿಗೆ ನನ್ನನ್ನು ಕರೆದಿದ್ದರು. ಹಾಳೆ ಎಲ್ಲ ಕಡೆ ಚೆನ್ನಾಗಿತ್ತು. ಅಡುಗೆಮನೆಯ ಹೊಗೆಕೊಳವೆಯ ಬಾಯಿಯ ಸುತ್ತ ಮಾತ್ರ, ಎರಡು ಮಾರು ಅಗಲಕ್ಕೆ, ನೆನೆಸಿದ ಹಪ್ಪಳದ ಹಾಗೆ ಮೆತ್ತಗಾಗಿ ಅಲೆಅಲೆಯಾಗಿ ಎದ್ದಿತ್ತು. ಉಗುರಿನಿಂದ ಒತ್ತಿದರೆ ಗುರುತು ಉಳಿಯುತ್ತಿತ್ತು. ವರ್ಷಗಟ್ಟಲೆ ವಡೆ ಬೋಂಡಾ ಕರಿದ ಎಣ್ಣೆಯ ಆವಿ ಅಲ್ಲಿ ಇಬ್ಬನಿಯಂತೆ ಇಳಿದಿತ್ತು. ಆ ಭಾಗವನ್ನು ಕತ್ತರಿಸಿ ತೆಗೆದು, ಹೊಗೆಕೊಳವೆಗೆ ಜಿಡ್ಡು ಹಿಡಿಯುವ ತಟ್ಟೆ ಕೂರಿಸಿದೆವು. ಅಂಥ ಕಡೆ ಮೊದಲಿನಿಂದಲೇ ಪಿವಿಸಿ ಹಾಳೆ ಹಾಕುವುದು ಲೇಸು, ಅದು ಜಿಡ್ಡನ್ನು ಹೆಚ್ಚು ತಾಳುತ್ತದೆ. ಲಿಫ್ಟಿನ ಜನರೇಟರ್ ತಾರಸಿಯ ಮೇಲಿದ್ದರೆ ಇದೇ ಮಾತು ಡೀಸೆಲಿಗೂ ಅನ್ವಯಿಸುತ್ತದೆ.

ಮೂಲೆಗಳ ಬಗ್ಗೆ ಹೇಳದೆ ಬಿಟ್ಟಿದ್ದೆ. ಚಪ್ಪಟೆ ಹಾಳೆಯನ್ನು ಎರಡು ಗೋಡೆ ಮತ್ತು ನೆಲ ಕೂಡುವ ಮೂಲೆಗೆ ಹೊಂದಿಸುವುದೆಂದರೆ ಕಾಗದದಿಂದ ಕಿತ್ತಳೆ ಹಣ್ಣನ್ನು ಸುತ್ತಿದ ಹಾಗೆ. ಎಲ್ಲೋ ಕತ್ತರಿಸಬೇಕು, ಕತ್ತರಿಸಿದಲ್ಲಿ ಸೋರುತ್ತದೆ. ಇದಕ್ಕೆಂದೇ ಪೂರ್ತಿ ಬೇಯಿಸದ ಇಪಿಡಿಎಂ ತುಂಡುಗಳು ಸಿಗುತ್ತವೆ. ಇಡ್ಲಿಯ ಮಾತನ್ನು ನೆನಪಿಸಿಕೊಳ್ಳಿ: ಇದು ಇನ್ನೂ ಹಿಟ್ಟು. ಎಳೆದ ಕಡೆ ಬರುತ್ತದೆ, ಒತ್ತಿದ ಆಕಾರದಲ್ಲಿ ನಿಲ್ಲುತ್ತದೆ, ಆಮೇಲೆ ತಾರಸಿಯ ಬಿಸಿಲಿನಲ್ಲಿ ನಿಧಾನವಾಗಿ ತಾನೇ ಬೇಯುತ್ತದೆ. ಹಳೆಯ ದಾಸ್ತಾನು ಉಗ್ರಾಣದ ಶಾಖಕ್ಕೇ ಅರೆಬೆಂದಿರುತ್ತದೆ, ಅದನ್ನು ಮೂಲೆಗೆ ಒತ್ತಿದರೆ ಮರಳಿ ಎದ್ದುಬರುತ್ತದೆ. ಪೊಟ್ಟಣದ ಮೇಲಿನ ತಾರೀಖನ್ನು ಔಷಧದ ಅಂಗಡಿಯಲ್ಲಿ ನೋಡುವ ಹಾಗೆ ನೋಡಿ.

ಹಾಳೆ ಹಾಕಿದ ಮೇಲೆ ತಾರಸಿ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ. ಸಂಕ್ರಾಂತಿಗೆ ಗಾಳಿಪಟ, ದೀಪಾವಳಿಗೆ ರಾಕೆಟ್, ಬೇಸಗೆಯಲ್ಲಿ ಹಪ್ಪಳಕ್ಕೆ ಮಂಚ. ಇದನ್ನೆಲ್ಲ ನಿಲ್ಲಿಸಿ ಎಂದರೆ ನನ್ನ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಲೂ ಬೇಕಿಲ್ಲ. ಓಡಾಡುವ ದಾರಿಯ ಮೇಲೆ ಹಾಸುಬಿಲ್ಲೆ ಹಾಕಿ. ನಿಜವಾದ ಅಪಾಯ ಬರುವುದು ಡಿಶ್ ಆಂಟೆನಾ ಕೂರಿಸಲು ಬರುವ ಹುಡುಗನ ಡ್ರಿಲ್ಲಿನಿಂದ. ಐದು ನಿಮಿಷದಲ್ಲಿ ನಾಲ್ಕು ತೂತು ಕೊರೆದು ಅವನು ಹೊರಟುಹೋಗುತ್ತಾನೆ. ತಾರಸಿಯ ಬಾಗಿಲಿನ ಕೀಲಿ ಯಾರ ಬಳಿ ಇದೆ ಎಂಬುದು ಹಾಳೆಯ ದಪ್ಪಕ್ಕಿಂತ ಮುಖ್ಯ. ತಾರಸಿಯಿಂದಾಗುವ ಮಳೆನೀರಿನ ಸೋರಿಕೆಯ ದುರಸ್ತಿ ಸೊಸೈಟಿಯ ಖರ್ಚು ಎಂದು ಮಹಾರಾಷ್ಟ್ರದ ಮಾದರಿ ಉಪವಿಧಿಗಳಲ್ಲಿಯೇ ಇದೆ. ಆದ್ದರಿಂದ ಕೀಲಿಯೂ ಸೊಸೈಟಿಯ ಕೈಯಲ್ಲಿರುವುದು ನ್ಯಾಯ.

ಡೊಂಬಿವಲಿಯಿಂದ ಬಂದ ತಾಯಿಯೊಬ್ಬರು ಈಗ ಕೇಳಿದ ಪ್ರಶ್ನೆಯೊಂದಿಗೆ ಮುಗಿಸುತ್ತೇನೆ. ಮೇನಲ್ಲಿ ಹೊಸ ಹಾಳೆ ಹಾಕಿಸಿಯೂ ಜುಲೈನಲ್ಲಿ ಅವರ ಕೋಣೆಯ ಚಾವಣಿ ತೊಟ್ಟಿಕ್ಕಿತು, ಮೂರು ಸಲ ತೇಪೆ ಹಾಕಿದರೂ ನಿಲ್ಲಲಿಲ್ಲ, ತೂತು ಎಲ್ಲಿರಬಹುದು ಎಂಬುದು ಅವರ ಪ್ರಶ್ನೆ. ನಾನು ನೋಡದೆ ಹೇಳಲಾರೆ. ಆದರೆ ಇದೇ ಬಗೆಯ ಒಂದು ಕಟ್ಟಡವನ್ನು ಮುಲುಂಡ್‌ನಲ್ಲಿ ನೋಡಿದ್ದೇನೆ. ಅಲ್ಲಿಯೂ ಚಾವಣಿಯ ಕಲೆಯ ನೇರ ಮೇಲಕ್ಕೆ ತೇಪೆ ಹಾಕುತ್ತಲೇ ಇದ್ದರು. ನೀರು ಸ್ಲ್ಯಾಬಿನ ಮೇಲೆ ಇಳಿಜಾರು ಸಿಕ್ಕ ಕಡೆ ಹರಿದುಹೋಗಿ ಎಲ್ಲಿ ಬಿರುಕು ಸಿಗುತ್ತದೆಯೋ ಅಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಕೊಳವೆಗಳ ಬಾಯಿ ಕಟ್ಟಿ, ಮರಳಿನ ಚೀಲಗಳಿಂದ ತಾರಸಿಯನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿನಲ್ಲಿ 25 ಮಿಲಿಮೀಟರ್ ನೀರು ನಿಲ್ಲಿಸಿ ಎರಡೆರಡು ದಿನ ಕಾದೆವು. ಯಾವ ಪಾಲಿನಲ್ಲಿಯೂ ಸೋರಲಿಲ್ಲ. ಕೊನೆಗೆ ಲಿಫ್ಟ್ ಕೋಣೆಯ ಬಾಗಿಲಿನ ಬಳಿ ಮೆದುಗೊಳವೆಯಿಂದ ನೀರು ಬಿಟ್ಟಾಗ ಅರ್ಧ ಗಂಟೆಯೊಳಗೆ ಕೆಳಗೆ ಹನಿ ಕಾಣಿಸಿತು. ಹಾಳೆಯನ್ನು ಗೋಡೆಯ ಮೇಲೆಲ್ಲ 300 ಮಿಲಿಮೀಟರ್ ಹತ್ತಿಸಿದ್ದರು. ಬಾಗಿಲು ಅಡ್ಡ ಬಂದ ಕಡೆ ಮಾತ್ರ ಹೊಸ್ತಿಲಿನ ಮಾರ್ಬಲ್ ತುಂಡಿನ ಮುಂದೆ, ನೆಲದಿಂದ ಎರಡು ಬೆರಳು ಎತ್ತರಕ್ಕೆ ನಿಲ್ಲಿಸಿದ್ದರು. ಗಾಳಿ ಹೊಡೆದ ಮಳೆಯ ನೀರು ಮಾರ್ಬಲ್ಲಿನ ಅಡಿಯಿಂದ ನುಸುಳುತ್ತಿತ್ತು. ಹೊಸ್ತಿಲು ಕಿತ್ತು, 150 ಮಿಲಿಮೀಟರ್ ಎತ್ತರದ ಕಾಂಕ್ರೀಟು ಕಟ್ಟಿ, ಹಾಳೆಯನ್ನು ಅದರ ಮೇಲಿಂದ ಆಚೆಗೆ ಇಳಿಸಿದೆವು. ಸೋರಿಕೆ ನಿಂತಿತು. ಟ್ಯಾಂಕ್ ನೋಡಲು ಹೋದವರೆಲ್ಲ ಒಂದು ವಾರ ಆ ಹೊಸ್ತಿಲನ್ನು ಎಡವಿ ನನ್ನನ್ನು ಬೈದರು. ಆಮೇಲೆ ಯಾರೋ ಅದಕ್ಕೆ ಹಳದಿ ಬಣ್ಣ ಬಳಿದರು.